ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ

ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ ಐರ್ಲೆಂಡ್ ಗಣರಾಜ್ಯದ ಪಶ್ಚಿಮ ಕರಾವಳಿಯ ಮೇಯೊ ಕೌಂಟಿಯಲ್ಲಿರುವ ಸೈಕಲ್ ಹಾಗೂ ಕಾಲ್ನಡಿಗೆಯ ಪಥವಾಗಿದೆ. ಸುಮಾರು 42 ಕಿಲೋಮೀಟರ್ ಉದ್ದದ ಈ ಪಥವು ವೆಸ್ಟ್‌ಪೋರ್ಟ್ ಪಟ್ಟಣದಿಂದ ಹೊರಟು ನ್ಯೂಪೋರ್ಟ್ ಮತ್ತು ಮುಲ್ರನ್ನಿ ಊರುಗಳನ್ನು ಹಾದು, ಅಕಿಲ್ ದ್ವೀಪವನ್ನು ಮುಖ್ಯ ಭೂಭಾಗಕ್ಕೆ ಜೋಡಿಸುವ ಸೇತುವೆಯ ಬಳಿಗೆ ತಲುಪುತ್ತದೆ. 1937ರಲ್ಲಿ ಮುಚ್ಚಲ್ಪಟ್ಟ ರೈಲುಮಾರ್ಗವೊಂದರ ಜಾಡನ್ನೇ ಇದು ಬಹುಪಾಲು ಅನುಸರಿಸುತ್ತದೆ. ಮೋಟಾರು ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಮೊದಲ ಹಂತವು 2010ರಲ್ಲಿ, ಪೂರ್ಣ ಪಥವು 2011ರಲ್ಲಿ ತೆರೆಯಲ್ಪಟ್ಟವು. ಪಥವು ಹಾದುಹೋಗುವ ನೆಲದ ಹೆಚ್ಚಿನ ಭಾಗ ಇಂದಿಗೂ ಖಾಸಗಿ ರೈತರಿಗೆ ಸೇರಿದ್ದು, ಅವರ ಒಪ್ಪಿಗೆಯ ಮೇಲೆ ಸಾರ್ವಜನಿಕರು ಅದನ್ನು ಬಳಸುತ್ತಾರೆ. ಐರ್ಲೆಂಡಿನ ಇತರ ಹಸಿರು ಪಥಗಳಿಗೆ ಹೋಲಿಸಿದಾಗ ಇದರ ಮುಖ್ಯ ವೈಶಿಷ್ಟ್ಯ ಇದೇ.

ರೈಲುಮಾರ್ಗದ ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೇಯೊ ಪ್ರದೇಶವು ಐರ್ಲೆಂಡಿನ ಅತ್ಯಂತ ಬಡ ಭಾಗಗಳಲ್ಲಿ ಒಂದಾಗಿತ್ತು. ಕಲ್ಲು ನೆಲದ ಸಣ್ಣ ಹಿಡುವಳಿಗಳನ್ನೂ ಆಲೂಗಡ್ಡೆಯ ಬೆಳೆಯನ್ನೂ ನಂಬಿದ್ದ ಕುಟುಂಬಗಳಿಗೆ ಮೀನುಗಾರಿಕೆ ಮತ್ತು ವಲಸೆ ಕೂಲಿಯ ಹೊರತು ಬೇರೆ ಆದಾಯವಿರಲಿಲ್ಲ. ಇಂಥ ಪ್ರದೇಶಗಳಲ್ಲಿ ಲಾಭದ ನಿರೀಕ್ಷೆಯಿಂದ ಯಾವ ಕಂಪನಿಯೂ ಹಳಿ ಹಾಕುವ ಸಾಧ್ಯತೆ ಇಲ್ಲದ್ದರಿಂದ, ಅಂದು ಐರ್ಲೆಂಡಿನ ಆಡಳಿತದ ಹೊಣೆ ಹೊತ್ತಿದ್ದ ಆರ್ಥರ್ ಬಾಲ್ಫರ್ 1889ರಲ್ಲಿ ಲಘು ರೈಲುಮಾರ್ಗಗಳ ಕಾಯ್ದೆಯನ್ನು ತಂದರು. ಸರ್ಕಾರದ ಸಹಾಯಧನದಿಂದ ನಿರ್ಮಾಣವಾದ ಮಾರ್ಗಗಳಲ್ಲಿ ವೆಸ್ಟ್‌ಪೋರ್ಟ್-ಅಕಿಲ್ ಶಾಖೆಯೂ ಒಂದು. ಮಿಡ್‌ಲ್ಯಾಂಡ್ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯು ಅದನ್ನು ನಡೆಸುತ್ತಿತ್ತು. ಪಥದ ಹೆಸರಿನಲ್ಲಿರುವ 'ಗ್ರೇಟ್ ವೆಸ್ಟರ್ನ್' ಎಂಬುದು ಈ ಕಂಪನಿಯನ್ನು ನೆನಪಿಸುತ್ತದೆಯೇ ಹೊರತು, ಇಂಗ್ಲೆಂಡಿನ ಅದೇ ಹೆಸರಿನ ಪ್ರಸಿದ್ಧ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ಹಳಿಗಳ ನಡುವಣ ಅಂತರ ಐರ್ಲೆಂಡಿನಲ್ಲಿ ರೂಢಿಯಲ್ಲಿರುವ 1600 ಮಿಲಿಮೀಟರ್ ಆಗಿತ್ತು. ಇದು ಭಾರತದ ಬ್ರಾಡ್‌ಗೇಜ್‌ಗಿಂತ ಸ್ವಲ್ಪ ಕಿರಿದು.

ನ್ಯೂಪೋರ್ಟ್ ಮತ್ತು ಮುಲ್ರನ್ನಿಯವರೆಗಿನ ಭಾಗಗಳು 1894ರಲ್ಲಿಯೂ, ಅಕಿಲ್‌ವರೆಗಿನ ಕೊನೆಯ ಭಾಗವು 1895ರಲ್ಲಿಯೂ ತೆರೆದವು. 1897ರಲ್ಲಿ ಮುಲ್ರನ್ನಿಯಲ್ಲಿ, ಕ್ಲೂ ಕೊಲ್ಲಿಗೆ ಮುಖಮಾಡಿ ಕಂಪನಿಯು ಒಂದು ದೊಡ್ಡ ಹೋಟೆಲನ್ನು ತೆರೆಯಿತು. ಪ್ರವಾಸಿಗರು ಬಂದರೂ ಸಾಮಾನು ಮತ್ತು ಪ್ರಯಾಣಿಕರ ದಟ್ಟಣೆ ಸಾಲದೆ, ರಸ್ತೆ ಸಾರಿಗೆಯ ಪೈಪೋಟಿಯೂ ಸೇರಿ ಮಾರ್ಗವು ನಷ್ಟದಲ್ಲೇ ಉಳಿಯಿತು. 1934ರ ಕೊನೆಯಲ್ಲಿ ಒಮ್ಮೆ ನಿಂತು, 1936ರಲ್ಲಿ ಮತ್ತೆ ಆರಂಭವಾದ ಸಂಚಾರವು 1937ರ ಶರತ್ಕಾಲದಲ್ಲಿ ಶಾಶ್ವತವಾಗಿ ಕೊನೆಗೊಂಡಿತು.

ಎರಡು ದುರಂತಗಳು

ಈ ಮಾರ್ಗದ ಆರಂಭ ಮತ್ತು ಅಂತ್ಯ ಎರಡೂ ಅಕಿಲ್ ದ್ವೀಪದ ವಲಸೆ ಕೂಲಿಗಳ ಸಾವಿನೊಂದಿಗೆ ಬೆಸೆದುಕೊಂಡಿವೆ. ಬೇಸಿಗೆಯಿಂದ ಶರತ್ಕಾಲದವರೆಗೆ ಸ್ಕಾಟ್ಲೆಂಡಿನ ಹೊಲಗಳಲ್ಲಿ ಆಲೂಗಡ್ಡೆ ಅಗೆಯಲು ಹೋಗುವುದು ದ್ವೀಪದ ಯುವಕ ಯುವತಿಯರಿಗೆ ವಾಡಿಕೆಯಾಗಿತ್ತು. 1894ರ ಜೂನ್ 14ರಂದು ಗ್ಲಾಸ್ಗೋ ಹಡಗನ್ನು ಹಿಡಿಯಲು ಹಾಯಿದೋಣಿಯಲ್ಲಿ ವೆಸ್ಟ್‌ಪೋರ್ಟ್ ಬಂದರಿಗೆ ಹೊರಟಿದ್ದ ಇಂಥ ಒಂದು ಗುಂಪು ಅಪಘಾತಕ್ಕೀಡಾಯಿತು. ದಡ ಸಮೀಪಿಸಿದಾಗ ಹಡಗನ್ನು ನೋಡುವ ಆತುರದಲ್ಲಿ ಎಲ್ಲರೂ ಒಂದೇ ಬದಿಗೆ ನುಗ್ಗಿದ್ದರಿಂದ ದೋಣಿ ಮಗುಚಿ, 32 ಮಂದಿ ಮುಳುಗಿದರು. ಅವರ ಶವಗಳನ್ನು ಊರಿಗೆ ಸಾಗಿಸಿದ್ದು, ಇನ್ನೂ ವಿಧ್ಯುಕ್ತವಾಗಿ ತೆರೆಯದಿದ್ದ ಮಾರ್ಗದ ಮೇಲೆ ಓಡಿಸಿದ ವಿಶೇಷ ರೈಲು.

1937ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಕರ್ಕಿನ್‌ಟಿಲಾಕ್ ಎಂಬಲ್ಲಿ ಕೂಲಿಗಳ ತಂಗುಮನೆಗೆ ಬೆಂಕಿ ಬಿದ್ದು ಅಕಿಲ್‌ನ ಹತ್ತು ಮಂದಿ ತರುಣರು ಮೃತರಾದರು. ಇವರಲ್ಲಿ ಹದಿಹರೆಯದ ಹುಡುಗರೂ ಇದ್ದರು. ಮಾರ್ಗ ಮುಚ್ಚಲು ಎರಡು ವಾರಗಳಷ್ಟೇ ಉಳಿದಿದ್ದಾಗ ಅದೇ ಹಳಿಗಳ ಮೇಲೆ ಅವರ ಶವಪೆಟ್ಟಿಗೆಗಳು ಊರು ಸೇರಿದವು. ಎರಡೂ ಘಟನೆಗಳಲ್ಲಿ ಮಡಿದವರ ಸಮಾಧಿಗಳು ದ್ವೀಪದ ಕಿಲ್ಡಾವ್ನೆಟ್ ಸ್ಮಶಾನದಲ್ಲಿವೆ.

ಹದಿನೇಳನೆಯ ಶತಮಾನದ ಬ್ರಿಯಾನ್ ರುವಾ ಎಂಬ ಕಾಲಜ್ಞಾನಿಯು, ಕಬ್ಬಿಣದ ಗಾಲಿಗಳ ಮೇಲೆ ಹೊಗೆ ಕಾರುತ್ತಾ ಓಡುವ ಬಂಡಿಗಳು ಅಕಿಲ್‌ಗೆ ಬರುವುವೆಂದೂ, ಅವುಗಳ ಮೊದಲ ಮತ್ತು ಕೊನೆಯ ಪ್ರಯಾಣಗಳು ಹೆಣಗಳನ್ನು ಹೊರುವುವೆಂದೂ ಮೊದಲೇ ನುಡಿದಿದ್ದನೆಂಬ ನಂಬಿಕೆ ಸ್ಥಳೀಯರಲ್ಲಿ ಪ್ರಚಲಿತವಾಗಿದೆ. ಪ್ರವಾಸಿ ಬರಹಗಳು ಈ ಭವಿಷ್ಯವಾಣಿಗೆ ಹೆಚ್ಚು ಒತ್ತು ಕೊಡುತ್ತವೆ. ಆದರೆ ಎರಡು ದುರಂತಗಳ ನಡುವಣ ನಾಲ್ಕು ದಶಕಗಳಲ್ಲಿ ರೈಲು ಬಂದರೂ ದ್ವೀಪದ ಮಕ್ಕಳು ಕೂಲಿಗಾಗಿ ಸಮುದ್ರ ದಾಟುವುದು ನಿಲ್ಲಲಿಲ್ಲವೆಂಬ ಸಂಗತಿಯೇ ಈ ಮಾರ್ಗದ ಚರಿತ್ರೆಯಲ್ಲಿ ಹೆಚ್ಚು ಮುಖ್ಯವಾದದ್ದು.

ನೆಲದ ಒಡೆತನ ಮತ್ತು ಒಪ್ಪಿಗೆ

ಹಳಿಗಳನ್ನು ಕಿತ್ತ ನಂತರ ಮಾರ್ಗದ ನೆಲವು ಬಹುಪಾಲು ಅಕ್ಕಪಕ್ಕದ ರೈತರ ಕೈಸೇರಿತು. ಮುಂದಿನ ಎಪ್ಪತ್ತು ವರ್ಷಗಳಲ್ಲಿ ಅದು ಕುರಿ ಮೇಯುವ ಪಟ್ಟಿಯಾಗಿ, ಹೊಲಕ್ಕೆ ಹೋಗುವ ದಾರಿಯಾಗಿ, ಕೆಲವೆಡೆ ಪೊದೆ ಬೆಳೆದ ದಿಬ್ಬವಾಗಿ ಉಳಿಯಿತು. ಐರ್ಲೆಂಡಿನಲ್ಲಿ ಮುಚ್ಚಿದ ಎಲ್ಲ ಮಾರ್ಗಗಳ ಸ್ಥಿತಿ ಹೀಗಾಗಲಿಲ್ಲ. ಉದಾಹರಣೆಗೆ, 2017ರಲ್ಲಿ ತೆರೆದ 46 ಕಿಲೋಮೀಟರ್ ಉದ್ದದ ವಾಟರ್‌ಫರ್ಡ್ ಗ್ರೀನ್‌ವೇಯ ಹಳೆಯ ರೈಲು ನೆಲವು ರಾಷ್ಟ್ರೀಯ ಸಾರಿಗೆ ಸಂಸ್ಥೆಯ ಒಡೆತನದಲ್ಲೇ ಉಳಿದಿತ್ತು. ಅಲ್ಲಿ ಒಂದೇ ಸಂಸ್ಥೆಯೊಡನೆ ಒಪ್ಪಂದ ಸಾಕಾಯಿತು. ಮೇಯೊದಲ್ಲಾದರೋ ನೂರಕ್ಕೂ ಹೆಚ್ಚು ಭೂಮಾಲೀಕರ ಬಾಗಿಲು ತಟ್ಟಬೇಕಾಗಿತ್ತು.

2009ರಲ್ಲಿ ಐರ್ಲೆಂಡ್ ಸರ್ಕಾರವು ತನ್ನ ರಾಷ್ಟ್ರೀಯ ಸೈಕಲ್ ನೀತಿಯನ್ನು ಪ್ರಕಟಿಸಿದ ಹೊತ್ತಿಗೆ ಮೇಯೊ ಕೌಂಟಿ ಕೌನ್ಸಿಲ್ ಈ ಕೆಲಸಕ್ಕೆ ಕೈಹಾಕಿತು. ನೆಲವನ್ನು ಕೊಳ್ಳದೆ, ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳದೆ, 'ಅನುಮತಿಯ ದಾರಿ' ಎಂಬ ಕ್ರಮವನ್ನು ಅದು ಆರಿಸಿಕೊಂಡಿತು. ಇದರಂತೆ ಒಡೆತನ ರೈತನಲ್ಲೇ ಇರುತ್ತದೆ. ದಾರಿಯನ್ನು ನಿರ್ಮಿಸಿ ಬಳಸಲು ಅವನು ಅನುಮತಿ ಕೊಡುತ್ತಾನೆ. ಬೇಲಿ, ಗೇಟು, ನಿರ್ವಹಣೆಗಳ ಹೊಣೆ ಕೌನ್ಸಿಲ್‌ನದಾಗುತ್ತದೆ. ಅನುಮತಿಯ ಮೇರೆಗೆ ನಡೆಯುವ ಓಡಾಟವು, ಅದು ಎಷ್ಟು ವರ್ಷ ನಡೆದರೂ, ಸಾರ್ವಜನಿಕರ ಶಾಶ್ವತ ಹಕ್ಕಾಗಿ ಮಾರ್ಪಡುವುದಿಲ್ಲ.

ರೈತರಿಗಿದ್ದ ಆತಂಕಗಳಲ್ಲಿ ಮುಖ್ಯವಾದುದು ಹೊಣೆಗಾರಿಕೆಯದು. ಅಪರಿಚಿತನೊಬ್ಬ ತಮ್ಮ ನೆಲದಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಪರಿಹಾರ ಯಾರು ಕೊಡಬೇಕು ಎಂಬ ಪ್ರಶ್ನೆ ಅದು. 1995ರ ಕಾಯ್ದೆಯೊಂದು ವಿಹಾರಕ್ಕಾಗಿ ಬರುವವರ ವಿಷಯದಲ್ಲಿ ಭೂಮಾಲೀಕನ ಹೊಣೆಯನ್ನು ಬಹಳ ಕಡಿಮೆ ಮಾಡಿತ್ತು. ಬೇಕೆಂದು ಹಾನಿ ಮಾಡದಿರುವುದು ಮತ್ತು ಅಪಾಯವನ್ನು ತೀರಾ ಕಡೆಗಣಿಸದಿರುವುದು ಇಷ್ಟೇ ಅವನ ಕರ್ತವ್ಯ. ಇದರ ಜೊತೆಗೆ ಕೌನ್ಸಿಲ್ ಕೂಡ ವಿಮಾ ರಕ್ಷಣೆಯ ಭರವಸೆ ನೀಡಿತು. ಆದರೂ ಈ ಏರ್ಪಾಡಿನ ದೌರ್ಬಲ್ಯ ಸ್ಪಷ್ಟ: ನೆಲ ಮಾರಾಟವಾದಾಗ ಅಥವಾ ಮುಂದಿನ ಪೀಳಿಗೆಗೆ ಬಂದಾಗ ಒಪ್ಪಿಗೆಯೂ ಮುಂದುವರಿಯಲೇಬೇಕೆಂಬ ಖಾತರಿಯಿಲ್ಲ. ನಡುವಿನ ಒಬ್ಬನೇ ರೈತ ಗೇಟು ಮುಚ್ಚಿದರೂ 42 ಕಿಲೋಮೀಟರ್‌ಗಳ ದಾರಿ ಎರಡು ತುಂಡಾಗುತ್ತದೆ.

ಮಾರ್ಗ

ವೆಸ್ಟ್‌ಪೋರ್ಟ್‌ನಿಂದ ನ್ಯೂಪೋರ್ಟ್‌ವರೆಗಿನ ಸುಮಾರು 11 ಕಿಲೋಮೀಟರ್‌ಗಳ ಭಾಗವು ಹುಲ್ಲುಗಾವಲುಗಳ ನಡುವೆ ಸಾಗುತ್ತದೆ. ಕೆಲವೆಡೆ ಇದು ರಾಷ್ಟ್ರೀಯ ಹೆದ್ದಾರಿ ಎನ್ 59ರ ಪಕ್ಕದಲ್ಲೇ ಹೋಗುವುದರಿಂದ ಮೂರು ಭಾಗಗಳಲ್ಲಿ ಇದೇ ಕಡಿಮೆ ಆಕರ್ಷಕವಾದದ್ದು. ನ್ಯೂಪೋರ್ಟ್‌ನಲ್ಲಿ ನದಿಯ ಮೇಲೆ ಕೆಂಪು ಮರಳುಗಲ್ಲಿನ ಏಳು ಕಮಾನುಗಳ ಹಳೆಯ ರೈಲು ಸೇತುವೆ ಇದ್ದು, ಈಗ ಅದು ಪಾದಚಾರಿಗಳ ಬಳಕೆಯಲ್ಲಿದೆ.

ನ್ಯೂಪೋರ್ಟ್-ಮುಲ್ರನ್ನಿ ನಡುವಣ 18 ಕಿಲೋಮೀಟರ್‌ಗಳ ಭಾಗವೇ 2010ರಲ್ಲಿ ಮೊದಲು ತೆರೆದದ್ದು. ಬಲಕ್ಕೆ ನೆಫಿನ್ ಬೆಗ್ ಬೆಟ್ಟಸಾಲಿನ ಜವುಗು ಇಳಿಜಾರುಗಳೂ ಎಡಕ್ಕೆ ಕ್ಲೂ ಕೊಲ್ಲಿಯೂ ಜೊತೆಯಾಗುತ್ತವೆ. ಕೊಲ್ಲಿಯಲ್ಲಿ ವರ್ಷದ ದಿನಕ್ಕೊಂದರಂತೆ 365 ದ್ವೀಪಗಳಿವೆ ಎಂಬುದು ಜನಪ್ರಿಯ ಮಾತು. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮಣ್ಣಿನ ಗುಡ್ಡಗಳು ಸಮುದ್ರ ಮಟ್ಟ ಏರಿದಾಗ ಅರ್ಧ ಮುಳುಗಿ ಈ ದ್ವೀಪಗಳಾದವು. ಕೊಲ್ಲಿಯ ಆಚೆ ದಡದಲ್ಲಿ 764 ಮೀಟರ್ ಎತ್ತರದ, ಯಾತ್ರಾಸ್ಥಳವೂ ಆದ ಕ್ರೋ ಪ್ಯಾಟ್ರಿಕ್ ಶಿಖರ ಬಹುದೂರದವರೆಗೆ ಕಾಣುತ್ತಿರುತ್ತದೆ. ಪಥದಿಂದ ಸ್ವಲ್ಪ ಸರಿದರೆ ಬರಿಶೂಲ್‌ನ ಡೊಮಿನಿಕನ್ ಮಠದ ಅವಶೇಷಗಳನ್ನೂ, ಹದಿನಾರನೆಯ ಶತಮಾನದಲ್ಲಿ ಈ ಕಡಲನ್ನು ಆಳಿದ ನಾಯಕಿ ಗ್ರೇಸ್ ಓ ಮ್ಯಾಲಿಯ ರಾಕ್‌ಫ್ಲೀಟ್ ಕೋಟೆಯನ್ನೂ ನೋಡಬಹುದು.

ಮುಲ್ರನ್ನಿಯಿಂದ ಅಕಿಲ್‌ವರೆಗಿನ 13 ಕಿಲೋಮೀಟರ್‌ಗಳು ಸಮುದ್ರಕ್ಕೆ ಹೆಚ್ಚು ಹತ್ತಿರದವು, ಗಾಳಿಗೂ ಹೆಚ್ಚು ತೆರೆದವು.

ಸವಾರಿಯ ಅನುಕೂಲಗಳು

ಉಗಿ ಬಂಡಿಗಳು ಕಡಿದಾದ ಏರನ್ನು ಹತ್ತಲಾರವಾದ್ದರಿಂದ ರೈಲುಮಾರ್ಗದ ಎಂಜಿನಿಯರುಗಳು ದಿಬ್ಬಗಳನ್ನು ಕಡಿದು, ತಗ್ಗುಗಳನ್ನು ತುಂಬಿ ದಾರಿಯನ್ನು ಸಮಮಾಡಿದ್ದರು. ಗುಡ್ಡಗಾಡಿನಲ್ಲಿಯೂ ಮಕ್ಕಳು ಮತ್ತು ವೃದ್ಧರು ಸೈಕಲ್ ತುಳಿಯಬಹುದಾದ ಪಥ ಸಿಗುವುದು ಈ ಹಳೆಯ ಶ್ರಮದ ಫಲ. ಹಳೆಯ ಜಾಡು ಸಿಗದ ಕಡೆಗಳಲ್ಲಿ ಪಥವು ಸುತ್ತಿ ಹೋಗುತ್ತದೆ, ಅಲ್ಲಿ ಚಿಕ್ಕ ಏರಿಳಿತಗಳಿವೆ. ಅಲ್ಲಲ್ಲಿ ರಸ್ತೆಯನ್ನು ದಾಟಲೂಬೇಕು. ಅಟ್ಲಾಂಟಿಕ್ ಸಾಗರದಿಂದ ಬೀಸುವ ಗಾಳಿಯು ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯ ದಿಕ್ಕಿನದಾದ್ದರಿಂದ ಅಕಿಲ್‌ನಿಂದ ವೆಸ್ಟ್‌ಪೋರ್ಟ್‌ಗೆ ಬರುವುದು ಸುಲಭ. ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಗಳು ಸವಾರರನ್ನು ವ್ಯಾನಿನಲ್ಲಿ ಅಕಿಲ್‌ಗೆ ಬಿಟ್ಟು, ಅಲ್ಲಿಂದ ತುಳಿದುಕೊಂಡು ಹಿಂದಿರುಗುವ ಏರ್ಪಾಡು ಮಾಡುತ್ತವೆ. ವೆಸ್ಟ್‌ಪೋರ್ಟ್‌ಗೆ ಡಬ್ಲಿನ್‌ನಿಂದ ಇಂದಿಗೂ ರೈಲು ಸಂಪರ್ಕವಿದೆ.

ಪರಿಣಾಮ ಮತ್ತು ವಿವಾದ

ಪಥ ತೆರೆದ ವರ್ಷವೇ ಮುಲ್ರನ್ನಿ ಹಳ್ಳಿಯು ಶ್ರೇಷ್ಠ ಪ್ರವಾಸಿ ತಾಣಗಳಿಗಾಗಿ ಯುರೋಪಿಯನ್ ಒಕ್ಕೂಟ ನೀಡುವ ಪ್ರಶಸ್ತಿಯನ್ನು ಐರ್ಲೆಂಡಿನ ಪರವಾಗಿ ಪಡೆಯಿತು. ಬಾಡಿಗೆ ಸೈಕಲ್ ಅಂಗಡಿಗಳು, ಉಪಾಹಾರ ಗೃಹಗಳು, ವಸತಿ ಮನೆಗಳು ದಾರಿಯುದ್ದಕ್ಕೂ ಹುಟ್ಟಿಕೊಂಡವು. ಇದನ್ನು ಕಂಡ ಇತರ ಕೌಂಟಿಗಳೂ ಹಸಿರು ಪಥಗಳಿಗೆ ಮುಂದಾದವು. ಆದರೆ ಮೇಯೊದ ಒಪ್ಪಿಗೆಯ ಕ್ರಮ ಎಲ್ಲೆಡೆ ಸಾಧ್ಯವಾಗಲಿಲ್ಲ. 1960ರಲ್ಲಿ ಮುಚ್ಚಿದ ರೈಲುಮಾರ್ಗದ ಜಾಡಿನಲ್ಲಿ ಯೋಜಿಸಿದ ದಕ್ಷಿಣ ಕೆರಿ ಗ್ರೀನ್‌ವೇಗಾಗಿ ಅಲ್ಲಿನ ಕೌನ್ಸಿಲ್ ಕಡ್ಡಾಯ ಭೂಸ್ವಾಧೀನದ ಮೊರೆ ಹೋಯಿತು. ರಾಷ್ಟ್ರೀಯ ಯೋಜನಾ ಮಂಡಳಿಯು 2020ರಲ್ಲಿ ಒಪ್ಪಿಗೆ ಕೊಟ್ಟ ಮೇಲೂ ಭೂಮಾಲೀಕರ ವಿರೋಧ ತಣಿಯದೆ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಸ್ವಾಧೀನದ ಪರ ಇರುವವರು ಪಥದ ಶಾಶ್ವತತೆಯನ್ನು ಮುಂದಿಟ್ಟರೆ, ಹೊಲವು ಎರಡಾಗಿ ಸೀಳಿಹೋಗುವ ರೈತರು ಹಸುಗಳನ್ನು ಆಚೆಯ ತುಂಡಿಗೆ ದಾಟಿಸುವ ನಿತ್ಯದ ಕಷ್ಟವನ್ನು ಮುಂದಿಡುತ್ತಾರೆ.