ತೊಡೆ ತಟ್ಟಿದ್ದು ಕಂಡೆವು, ಮನೆ ಮುರಿದಿದ್ದು ಕಾಣಲಿಲ್ಲ

ಅಮೆರಿಕದ ಕುಸ್ತಿ ಕುಟುಂಬವೊಂದರ ದುರಂತ ‘ದಿ ಐರನ್ ಕ್ಲಾ’ ಸಿನಿಮಾ ಆಯಿತು. ‘ರಣಧೀರ ಕಂಠೀರವ’ದಿಂದ ‘ಪೈಲ್ವಾನ್’ವರೆಗೆ ಅಖಾಡವನ್ನು ಕೊಂಡಾಡಿದ ಕನ್ನಡ ತೆರೆ ಮಾತ್ರ ಪೈಲ್ವಾನನ ಮನೆಯ ಹೊಸಿಲು ದಾಟಿಲ್ಲ.

ರಾಜಾಜಿನಗರದವರಿಗೆ ಕಂಠೀರವ ಎಂದರೆ ಮೊದಲು ನೆನಪಾಗುವುದು ನಂದಿನಿ ಲೇಔಟ್ ಬಳಿಯ ಸ್ಟುಡಿಯೊ. ಡಾ. ರಾಜಕುಮಾರ್, ಪಾರ್ವತಮ್ಮ, ಪುನೀತ್ ಸಮಾಧಿಗಳಿಗೆ ಕೈಮುಗಿಯಲು ಅಲ್ಲಿಗೆ ಇವತ್ತಿಗೂ ಜನ ಬರುತ್ತಾರೆ. ಆ ಹೆಸರು ಹೊತ್ತಿದ್ದ ಮೈಸೂರಿನ ದೊರೆ ರಣಧೀರ ಕಂಠೀರವ ನರಸರಾಜ ಒಡೆಯರ್ ಆಳಿದ್ದು 1638ರಿಂದ 1659ರವರೆಗೆ. ಅವನ ಹೆಸರು ಜನರ ಬಾಯಲ್ಲಿ ಉಳಿದದ್ದು ಯುದ್ಧಗಳಿಗಿಂತ ಹೆಚ್ಚಾಗಿ ಒಂದು ಕುಸ್ತಿಯಿಂದ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ಎಲ್ಲರೂ ತಲೆತಗ್ಗಿಸಿ ನಡೆಯಲೆಂದು ಊರ ಬಾಗಿಲಿಗೆ ತನ್ನ ಚಲ್ಲಣ ಕಟ್ಟಿದ್ದನಂತೆ. ಕಂಠೀರವ ವೇಷ ಮರೆಸಿಕೊಂಡು ಹೋಗಿ ಅವನನ್ನು ಮುಗಿಸಿದನಂತೆ. 1960ರಲ್ಲಿ ಆ ದೊರೆಯೇ ಸಿನಿಮಾ ಆದ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಟ್ಟಿದ ಕಲಾವಿದರ ಸಂಘವೇ ‘ರಣಧೀರ ಕಂಠೀರವ’ ನಿರ್ಮಿಸಿತು. ಕನ್ನಡ ತೆರೆಯ ಮೇಲೆ ಪೈಲ್ವಾನ್ ಎಂದರೆ ಗೆಲ್ಲುವವನು ಎಂಬ ಕರಾರು ಅಲ್ಲಿಂದಲೇ ಗಟ್ಟಿಯಾಯಿತು.

ಆ ಕರಾರನ್ನು ಮುರಿದು ನೋಡಿದರೆ ಏನಾಗುತ್ತದೆ ಎಂಬುದಕ್ಕೆ 2023ರ ‘ದಿ ಐರನ್ ಕ್ಲಾ’ ಒಳ್ಳೆಯ ಉದಾಹರಣೆ.

ತಿಂಡಿ ಮೇಜಿನ ರ‍್ಯಾಂಕ್ ಪಟ್ಟಿ

ಶಾನ್ ಡರ್ಕಿನ್ ನಿರ್ದೇಶನದ ಈ ಚಿತ್ರ ಟೆಕ್ಸಾಸ್‌ನ ವಾನ್ ಎರಿಕ್ ಕುಟುಂಬದ್ದು. ಅಪ್ಪ ಫ್ರಿಟ್ಜ್‌ನ ನಿಜ ಹೆಸರು ಜ್ಯಾಕ್ ಅಡ್ಕಿಸನ್. ಎದುರಾಳಿಯ ಹಣೆಯನ್ನು ಒಂದೇ ಕೈಯಲ್ಲಿ ಹಿಂಡುವ ಅವನ ಪಟ್ಟಿನ ಹೆಸರೇ ಚಿತ್ರದ ಶೀರ್ಷಿಕೆ. ಅವನು ಬಯಸಿದ ಎನ್‌ಡಬ್ಲ್ಯುಎ ವಿಶ್ವ ಚಾಂಪಿಯನ್ ಬೆಲ್ಟ್ ಅವನಿಗೆ ಕೊನೆಗೂ ದಕ್ಕಲಿಲ್ಲ. ಆ ಬಾಕಿಯನ್ನು ಅವನು ಮಕ್ಕಳ ಹೆಸರಿಗೆ ಬರೆದ.

ಚಿತ್ರದ ಭಯಾನಕ ದೃಶ್ಯ ನಡೆಯುವುದು ರಿಂಗಿನಲ್ಲಲ್ಲ, ಬೆಳಗಿನ ತಿಂಡಿಯ ಮೇಜಿನಲ್ಲಿ. ತನಗೆ ಯಾವ ಮಗ ಹೆಚ್ಚು ಇಷ್ಟ, ಯಾವನು ಎರಡನೆಯವನು, ಯಾವನು ಕೊನೆಯವನು ಎಂದು ಅಪ್ಪ ಎಲ್ಲರೆದುರೇ ಹೇಳುತ್ತಾನೆ. ಕಷ್ಟಪಟ್ಟರೆ ಈ ಪಟ್ಟಿ ಬದಲಾಗಬಹುದು ಎಂದೂ ಸೇರಿಸುತ್ತಾನೆ. ಗದರಿಕೆಯಿಲ್ಲ, ಏಟಿಲ್ಲ. ಮಕ್ಕಳು ನಗುತ್ತಲೇ ತಿನ್ನುತ್ತಾರೆ.

ನಿಜ ಬದುಕಿನ ಲೆಕ್ಕ ಇನ್ನೂ ಕ್ರೂರ. ಆರು ಗಂಡುಮಕ್ಕಳಲ್ಲಿ ಹಿರಿಯನು 1959ರಲ್ಲಿ, ಆರರ ಎಳೆಯ ವಯಸ್ಸಿನಲ್ಲೇ ಹೋದ. ಡೇವಿಡ್ 1984ರಲ್ಲಿ ಟೋಕಿಯೊದ ಹೋಟೆಲಿನಲ್ಲಿ ತೀರಿಕೊಂಡ, ವಯಸ್ಸು 25. ಅದೇ ವರ್ಷ ಮೇ 6ರಂದು, ಅವನ ನೆನಪಿನ ಪಂದ್ಯದಲ್ಲಿ, ತಮ್ಮ ಕೆರಿ ಆಗಿನ ಚಾಂಪಿಯನ್ ರಿಕ್ ಫ್ಲೇರ್‌ನನ್ನು ಸೋಲಿಸಿ ಅಪ್ಪನ ಕನಸಿನ ಬೆಲ್ಟ್ ತಂದ. ಅದು ಅವನ ಬಳಿ ಉಳಿದದ್ದು 18 ದಿನ. ಎರಡು ವರ್ಷದ ನಂತರ ಮೋಟಾರ್ ಸೈಕಲ್ ಅಪಘಾತದಲ್ಲಿ ಅವನು ಪಾದವನ್ನೇ ಕಳೆದುಕೊಂಡ. ಕೃತಕ ಪಾದ ಬೂಟಿನೊಳಗೆ ಬಚ್ಚಿಟ್ಟು ಮತ್ತೆ ರಿಂಗಿಗಿಳಿದ. 1987ರಲ್ಲಿ ಮೈಕ್, 1991ರಲ್ಲಿ ಕ್ರಿಸ್, 1993ರಲ್ಲಿ ಕೆರಿ, ಮೂವರೂ ತಾವಾಗಿಯೇ ಜೀವ ಕಳೆದುಕೊಂಡರು. ಉಳಿದವನು ಕೆವಿನ್ ಒಬ್ಬನೇ. ಝ್ಯಾಕ್ ಎಫ್ರಾನ್ ಮಾಡಿರುವುದು ಆ ಪಾತ್ರವನ್ನು. ಕ್ರಿಸ್‌ನನ್ನು ನಿರ್ದೇಶಕರು ಚಿತ್ರದಿಂದಲೇ ಕೈಬಿಟ್ಟರು. ಚಿತ್ರ ಇನ್ನೊಂದು ಸಾವು ತಾಳಲಾರದು ಎನ್ನಿಸಿತಂತೆ.

ಆ ದೇಶದಲ್ಲಿ ಇದನ್ನು ವಾನ್ ಎರಿಕ್ ಶಾಪ ಎಂದರು. ಚಿತ್ರ ಶಾಪವನ್ನು ಒಪ್ಪುವುದಿಲ್ಲ. ಅಳಬಾರದು, ನೋವೆನ್ನಬಾರದು, ಅಪ್ಪನ ಮಾತು ಮೀರಬಾರದು ಎಂಬ ಮನೆಯ ಕಟ್ಟಳೆಗಳತ್ತ ಬೆರಳು ತೋರಿಸುತ್ತದೆ. ವೃತ್ತಿಪರ ಕುಸ್ತಿಯಲ್ಲಿ ಫಲಿತಾಂಶ ಮೊದಲೇ ನಿರ್ಧಾರವಾಗಿರುತ್ತದೆ, ಮೈಗೆ ಬೀಳುವ ಪೆಟ್ಟು ಮಾತ್ರ ನಿಜ. ಆ ಮನೆಯ ಮಕ್ಕಳ ಬದುಕೂ ಹಾಗೆಯೇ ನಡೆಯಿತು.

ವಸ್ತಾದ್ ತಪ್ಪು ಮಾಡುವಂತಿಲ್ಲ

ನಮ್ಮಲ್ಲಿ ಈ ಪ್ರಶ್ನೆಯ ಹತ್ತಿರ ಹೋದ ಚಿತ್ರ 2019ರ ‘ಪೈಲ್ವಾನ್’. ಎಸ್. ಕೃಷ್ಣ ನಿರ್ದೇಶನ, ಸುದೀಪ್ ಅನಾಥ ಹುಡುಗ ಕೃಷ್ಣನಾಗಿ, ಸುನೀಲ್ ಶೆಟ್ಟಿ ಅವನನ್ನು ಸಾಕಿ ಪೈಲ್ವಾನನನ್ನಾಗಿ ಮಾಡುವ ಸರ್ಕಾರ್ ಆಗಿ. ಹುಡುಗ ಪ್ರೀತಿಸಿ ಮದುವೆಯಾದಾಗ ಸಾಕಿದ ಕೈಯೇ ಅವನನ್ನು ದೂರ ತಳ್ಳುತ್ತದೆ. ಶಿಷ್ಯನ ಮೈ ಯಾರದ್ದು, ಅವನದ್ದೋ ಗುರುವಿನದ್ದೋ? ಇಷ್ಟು ಒಳ್ಳೆಯ ಗಂಟು ಹಾಕಿದ ಚಿತ್ರ ಅದನ್ನು ಬಿಡಿಸುವ ಗೋಜಿಗೆ ಹೋಗದೆ ಬಾಕ್ಸಿಂಗ್ ರಿಂಗಿಗೆ ಜಿಗಿಯುತ್ತದೆ. ಗುರು ಕರಗುತ್ತಾನೆ, ಶಿಷ್ಯ ಗೆಲ್ಲುತ್ತಾನೆ, ಗುರು ಮಾಡಿದ್ದು ಸರಿಯೇ ಎಂದು ಯಾರೂ ಕೇಳುವುದಿಲ್ಲ. 2023ರ ಯೋಗರಾಜ ಭಟ್ಟರ ‘ಗರಡಿ’ ಹೆಸರಿನಲ್ಲೇ ಅಖಾಡವನ್ನು ಹೊತ್ತು ಬಂತು. ಅಲ್ಲಿಯೂ ಗರಡಿಯ ಹಿರಿತನವೇ ದೊಡ್ಡದು.

2016ರ ಹಿಂದಿ ‘ದಂಗಲ್’ ಕೂಡ ಇದೇ ಸಾಲಿನದು. ಹೆಣ್ಣುಮಕ್ಕಳ ಕೂದಲು ಕತ್ತರಿಸಿದ ಅಪ್ಪನ ಹಟವನ್ನು ಕೊನೆಯಲ್ಲಿ ಚಿನ್ನದ ಪದಕ ಕ್ಷಮಿಸಿಬಿಡುತ್ತದೆ. ಪದಕ ಬರದಿದ್ದರೆ? ಹೆಚ್ಚಿನ ಮನೆಗಳಲ್ಲಿ ಅದು ಬರುವುದಿಲ್ಲ.

ಮೈಸೂರು ರಸ್ತೆಯ ಉದ್ದಕ್ಕೂ

ಇಂಥ ಕತೆಗೆ ಟೆಕ್ಸಾಸ್‌ವರೆಗೆ ಹೋಗಬೇಕಿಲ್ಲ. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಸಿಗುವ ಚನ್ನಪಟ್ಟಣದಲ್ಲಿ ಜಟ್ಟಿ ಮನೆತನಗಳಿವೆ. ಪ್ರತಿ ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಬೆಂಗಳೂರು, ಚನ್ನಪಟ್ಟಣ, ಮೈಸೂರು, ಚಾಮರಾಜನಗರದ ಜಟ್ಟಿಗಳು ಇಳಿಯುತ್ತಾರೆ. ತಲೆ ಬೋಳಿಸಿ, ಬೆರಳಿಗೆ ಮೊನಚು ಮುಷ್ಟಿ ತೊಟ್ಟು ಎದುರುಬದುರು ನಿಲ್ಲುತ್ತಾರೆ. ಯಾರದ್ದೋ ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಕೆಲವೊಮ್ಮೆ ಒಂದು ನಿಮಿಷವೂ ಆಗಿರುವುದಿಲ್ಲ. ಆಮೇಲೆ ರಾಜವಂಶಸ್ಥರು ಬನ್ನಿಪೂಜೆಗೆ ಹೊರಡುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯಲ್ಲಿ ಹಲ್ಲು ಮುರಿಯುವಂತೆ ಹೊಡೆದಾಡುವ ಜಟ್ಟಿಗಳನ್ನು ಕಂಡು ಬರೆದಿದ್ದಾನೆ. ಅಷ್ಟು ಹಳೆಯ ಬೇರು ಇದು.

ಇದು ಮನೆತನದ ವಿದ್ಯೆ. ಅಪ್ಪ, ಚಿಕ್ಕಪ್ಪ, ಅಜ್ಜನಿಂದ ಮಗನಿಗೆ ಇಳಿಯುತ್ತದೆ. ಮೂಳೆ ಮುರಿಯುವ ಪಟ್ಟಿನ ಜೊತೆಗೆ ಮುರಿದ ಮೂಳೆ ಕೂಡಿಸುವ ನಾಟಿ ವೈದ್ಯವೂ ಈ ಮನೆತನಗಳಿಗೆ ಗೊತ್ತಿತ್ತು. ಅರಮನೆ ಅನ್ನ ಹಾಕುತ್ತಿದ್ದ ಕಾಲಕ್ಕೆ ಇದು ಬದುಕು ಆಗಿತ್ತು. 1971ರಲ್ಲಿ ರಾಜಧನ ರದ್ದಾದ ಮೇಲೆ ಜಟ್ಟಿಯ ಮಗ ಅಖಾಡಕ್ಕಿಳಿಯುವುದು ವರ್ಷಕ್ಕೊಂದು ದಿನ, ಮನೆತನದ ಮರ್ಯಾದೆಗಾಗಿ. ಮಿಕ್ಕ ದಿನಗಳ ಸಂಬಳ ಬೇರೆ ಕಡೆಯಿಂದ ಬರಬೇಕು.

ನಾಡಕುಸ್ತಿಯವರ ಪಾಡೂ ಇಂಥದ್ದೇ. ‘ದಸರಾ ಕಂಠೀರವ’ ಬಿರುದಿಗಾಗಿ ವರ್ಷವಿಡೀ ಮಟ್ಟಿಯಲ್ಲಿ ಹೊರಳಬೇಕು. ಹಾಲು, ಬಾದಾಮಿ, ತುಪ್ಪದ ಖರ್ಚು ಮನೆಯ ದಿನಸಿಯಿಂದ ತೆಗೆಯಬೇಕು. ಒಬ್ಬನ ತೋಳು ದಪ್ಪವಾಗಲು ಉಳಿದವರ ತಟ್ಟೆ ಎಷ್ಟು ತೆಳುವಾಯಿತು ಎಂಬುದನ್ನು ಯಾವ ಬೆಳ್ಳಿ ಗದೆಯ ಮೇಲೂ ಕೆತ್ತಿರುವುದಿಲ್ಲ. ಬಾಗಲಕೋಟೆ ಸೀಮೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೊ ರೋಮನ್ ಕಂಚು ಗೆದ್ದಾಗ ನಾವೆಲ್ಲ ಹೆಮ್ಮೆಪಟ್ಟೆವು. ಗೆಲ್ಲದವರ ಮನೆಯ ಸುದ್ದಿ ಪತ್ರಿಕೆಗೆ ಬರುವುದಿಲ್ಲ; ಅದನ್ನು ಹೇಳುವ ಕೆಲಸ ಸಿನಿಮಾದ್ದು.

ಬರೆಯಬೇಕಾದ ಚಿತ್ರಕತೆ

ಪಶ್ಚಿಮ ಬೆಂಗಳೂರು ಅಂಥ ಚಿತ್ರಕ್ಕೆ ತಕ್ಕ ಜಾಗ. ಮಂಡ್ಯ, ಮೈಸೂರು, ಹಾಸನದಿಂದ ಬಂದ ಕುಟುಂಬಗಳು ವಿಜಯನಗರ, ಬಸವೇಶ್ವರನಗರದಲ್ಲಿ ನೆಲೆಯೂರಿವೆ. ಅಜ್ಜನ ಕಾಲದಲ್ಲಿ ಹನುಮಂತನ ಪಟಕ್ಕೆ ಕೈಮುಗಿದು ದಂಡ, ಬಸ್ಕಿ ಹೊಡೆಯುತ್ತಿದ್ದರು. ಮೊಮ್ಮಕ್ಕಳು ಕನ್ನಡಿ ಗೋಡೆಯ ಜಿಮ್‌ಗಳಲ್ಲಿ ತೂಕ ಎತ್ತುತ್ತಾರೆ. ಮೈ ಕಟ್ಟುವ ಆಸೆ ಹಾಗೇ ಇದೆ, ಕಟ್ಟಿದ ಮೈ ಯಾರಿಗಾಗಿ ಎಂಬುದು ಮಾತ್ರ ಬದಲಾಗಿದೆ.

ಆ ಚಿತ್ರದಲ್ಲಿ ಖಳನಾಯಕ ಬೇಡ. ವಾನ್ ಎರಿಕ್ ಅಪ್ಪ ಕೂಡ ಮಕ್ಕಳನ್ನು ದ್ವೇಷಿಸಿದವನಲ್ಲ; ತನ್ನ ಪ್ರೀತಿಗೆ ಗೆಲುವಿನ ಷರತ್ತು ಹಾಕಿದವನು. ನಮ್ಮ ಗರಡಿಯ ಗುರು ವಸ್ತಾದನನ್ನೂ ಹಾಗೆ ನೋಡುವ ಧೈರ್ಯ ಬೇಕು. ಪಾದಕ್ಕೆ ಬೀಳುವ ಶಿಷ್ಯನನ್ನು ನೂರು ಸಲ ತೋರಿಸಿದ್ದೇವೆ. ಶಿಷ್ಯನ ಕ್ಷಮೆ ಕೇಳುವ ವಸ್ತಾದನನ್ನು ಒಂದು ಸಲ ತೋರಿಸಿದರೆ ಗರಡಿಯ ಮರ್ಯಾದೆ ಹೋಗುವುದಿಲ್ಲ. ಹಾಲು ಕಾಯಿಸಿ, ಗಾಯಕ್ಕೆ ಅರಿಶಿನ ಹಚ್ಚಿ, ಮಗ ಗೆಲ್ಲಲಿ ಎನ್ನುವುದಕ್ಕಿಂತ ಇಡಿಯಾಗಿ ಮನೆಗೆ ಬರಲಿ ಎಂದು ಹರಕೆ ಹೊತ್ತ ಅವ್ವನಿಗೂ ಅಲ್ಲಿ ನಾಲ್ಕು ಮಾತಿರಲಿ. ಡರ್ಕಿನ್‌ ಕೈಯಲ್ಲಿ ಇದ್ದದ್ದು ಒಂದು ಕುಟುಂಬದ ಕತೆ. ನಮ್ಮ ನಿರ್ದೇಶಕರಿಗೆ ದಸರಾ ಪಟ್ಟಿಯಲ್ಲೇ ಹತ್ತಾರು ಮನೆಗಳ ವಿಳಾಸ ಸಿಗುತ್ತದೆ.