ಯಕ್ಷಿಯನ್ನು ನಂಬಿದೆವು, ಗೌಡನನ್ನು ನಂಬಲಿಲ್ಲ

ಸಿನಿಮಾದ ನಾಯಕಿ ನೂರಾರು ವರ್ಷ ಬದುಕಿರುವ ಯಕ್ಷಿ. ಬಿಸಿಲಿಗೆ ಬರುವಂತಿಲ್ಲ, ರಕ್ತವೇ ಆಹಾರ, ಗಟ್ಟಿಮುಟ್ಟಾದ ಗಂಡಸರನ್ನು ಎತ್ತಿ ಗೋಡೆಗೆ ಬಡಿಯುತ್ತಾಳೆ. ಇದಕ್ಕೆಲ್ಲ ನಮ್ಮ ಸೋದರಮಾವ ಚಕಾರ ಎತ್ತಲಿಲ್ಲ. ಚುರುಮುರಿ ಬಟ್ಟಲನ್ನು ತೊಡೆ ಮೇಲಿಟ್ಟುಕೊಂಡು ತಣ್ಣಗೆ ನೋಡುತ್ತಿದ್ದರು. ಆಮೇಲೆ ಒಬ್ಬ ಇನ್ಸ್‌ಪೆಕ್ಟರ್ ಬಂದ. ಅವನ ಹೆಸರು ನಾಚಿಯಪ್ಪ ಗೌಡ ಎಂದು ಗೊತ್ತಾಯಿತು ನೋಡಿ, ಮಾವನ ಕೈ ಬಟ್ಟಲಲ್ಲೇ ನಿಂತಿತು.

"ಯಾವೂರ್ ಗೌಡ್ನಪ್ಪಾ ಇವ್ನು?"

ಚಿತ್ರ 'ಲೋಕಾ', ಮೊದಲ ಅಧ್ಯಾಯ 'ಚಂದ್ರ'. 2025ರ ಆಗಸ್ಟ್ 28ರಂದು ಓಣಂ ಹೊತ್ತಿಗೆ ತೆರೆಕಂಡ ಮಲಯಾಳಂ ಸೂಪರ್‌ಹೀರೋ ಸಿನಿಮಾ. ನಿರ್ದೇಶನ ಡೊಮಿನಿಕ್ ಅರುಣ್, ನಾಯಕಿ ಕಲ್ಯಾಣಿ ಪ್ರಿಯದರ್ಶನ್, ಹಣ ಹೂಡಿದವರು ದುಲ್ಕರ್ ಸಲ್ಮಾನ್. ಕೇರಳದ ಜನಪದದ ಕಳ್ಳಿಯಂಕಾಟ್ಟು ನೀಲಿಯನ್ನು ತಂದು ಬೆಂಗಳೂರಿನ ಕೆಫೆಯೊಂದರಲ್ಲಿ ರಾತ್ರಿ ಪಾಳಿಗೆ ನಿಲ್ಲಿಸಿದ್ದಾರೆ. ಆ ಐಡಿಯಾ ನನಗೆ ಬಹಳ ಹಿಡಿಸಿತು. ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಊರೆಲ್ಲ ಮಲಗಿದ ಮೇಲೆ ಕೆಲಸ ಶುರು ಮಾಡುವ ಮಕ್ಕಳು ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯೂ ಇದ್ದಾರೆ. ಅವರೂ ಬಿಸಿಲು ಕಾಣುವುದು ಭಾನುವಾರವೇ.

ಯಕ್ಷಿಯನ್ನು ನಂಬಲು ನಮಗೆ ಕಷ್ಟವೇನಿರಲಿಲ್ಲ. ಹುಣಸೆಮರದ ಮೋಹಿನಿಯ ಕತೆ ಕೇಳುತ್ತ ಬೆಳೆದವರು ನಾವು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದು ದೆವ್ವವನ್ನೇ ವಾಪಸು ಕಳಿಸಿದ ಜನ. (ಅದೇ ಉಪಾಯ ಹಿಂದಿಯವರಿಗೆ 2018ರಲ್ಲಿ 'ಸ್ತ್ರೀ' ಎಂಬ ಸಿನಿಮಾಕ್ಕೆ ಒದಗಿತು.) ಪಾಂಡವಪುರದ ಕುಂತಿ ಬೆಟ್ಟದಲ್ಲಿ ಭೀಮ ಬಕಾಸುರನನ್ನು ಕೊಂದ ಎಂದು ಇವತ್ತಿಗೂ ಜಾಗ ತೋರಿಸುತ್ತಾರೆ. ಊರಿಗೆ ಮೊದಲು ಹಿರೋಡೆ ಎಂದಿತ್ತು, ಹೈದರ್ ಟಿಪ್ಪು ಕಾಲದ ಫ್ರೆಂಚ್ ಸೈನಿಕರ ದೆಸೆಯಿಂದ ಫ್ರೆಂಚ್ ರಾಕ್ಸ್ ಆಯಿತು, ಕೊನೆಗೆ ಗೆದ್ದವರು ಪಾಂಡವರು.

ಗೌಡನ ವಿಷಯ ಹಾಗಲ್ಲ. ನಮ್ಮ ಕಡೆ ಗೌಡರ ಹೆಸರು ಕೇಳಿದರೆ ಮನೆದೇವರು ಯಾರೆಂದು ಊಹಿಸಬಹುದು. ರಂಗೇಗೌಡ ಎಂದರೆ ಪಟ್ಟಣದ ರಂಗನಾಥನ ಒಕ್ಕಲು. ಚೆಲುವೇಗೌಡನ ಹಿಂದೆ ಮೇಲುಕೋಟೆಯ ಚೆಲುವನಾರಾಯಣ ಇದ್ದಾನೆ. ನಾಗಮಂಗಲದ ಕಡೆ ಭೈರೇಗೌಡ ಎಂದರೆ ಆದಿಚುಂಚನಗಿರಿಯ ಕಾಲಭೈರವನನ್ನು ಬೇರೆ ಹೇಳಬೇಕಿಲ್ಲ. ಕೆ.ಆರ್.ಪೇಟೆಯ ತಿಮ್ಮೇಗೌಡರು ಹೇಮಗಿರಿಯ ವೆಂಕಟರಮಣನಿಗೆ ಕೈ ಮುಗಿಯುವವರು. ನಾಚಪ್ಪ ಎಂದಿದ್ದರೆ ಕೊಡಗು, ನಾಚಿಯಪ್ಪ ಎಂದರೆ ತಮಿಳುನಾಡು. ಅದರ ಬಾಲಕ್ಕೆ ಗೌಡ ಅಂಟಿಸಿದರೆ ಅವನು ಯಾವ ಜಾತ್ರೆಗೂ ಸೇರದವನು. ಪಾತ್ರ ಮಾಡಿದ ತಮಿಳಿನ ನೃತ್ಯ ನಿರ್ದೇಶಕ ಸ್ಯಾಂಡಿ ಮಾತ್ರ ಕಣ್ಣಲ್ಲೇ ಹೆದರಿಸುತ್ತಾರೆ, ಅದನ್ನು ಒಪ್ಪಬೇಕು.

ಈ ಗೌಡ ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಆಡಿದ ಮಾತಿಗೆ ರಾಜ್ಯದಲ್ಲಿ ಗಲಾಟೆಯೆದ್ದಿತು. ನಿರ್ಮಾಣ ಸಂಸ್ಥೆ ಕನ್ನಡಿಗರ ಕ್ಷಮೆ ಕೇಳಿ, ಆ ಮಾತನ್ನು ತಿದ್ದುವುದಾಗಿ ಹೇಳಿತು. ನನ್ನ ತಕರಾರು ಬೇರೆ. ಖಳ ಕೆಟ್ಟ ಮಾತು ಆಡದೆ ಇನ್ಯಾರು ಆಡಬೇಕು? ಆದರೆ ಕೇರಳದ ಒಂದು ಯಕ್ಷಿಗೆ ಕಾಡು, ಕುಲ, ರಾಜನ ಕೋಪ, ಬಾಲ್ಯ ಎಲ್ಲವನ್ನೂ ಅಕ್ಕರೆಯಿಂದ ಕಟ್ಟಿಕೊಟ್ಟವರು, ಬೆಂಗಳೂರಿನ ಒಬ್ಬ ಪೊಲೀಸಿನವನಿಗೆ ಒಂದು ಸರಿಯಾದ ಹೆಸರು ಹುಡುಕಲಿಲ್ಲ. ಒಂದು ಫೋನ್ ಮಾಡಿದ್ದರೆ ಮಂಡ್ಯದ ಯಾವ ಟೀ ಅಂಗಡಿಯವನಾದರೂ ಹತ್ತು ಹೆಸರು ಕೊಡುತ್ತಿದ್ದ. ಮುನ್ನೂರು ಕೋಟಿ ದಾಟಿ ಗಳಿಸಿದ ಸಿನಿಮಾ ಅದು, ಫೋನ್ ಖರ್ಚಿಗೇನು ಕೊರತೆ?

ಮಾರನೇ ರಾತ್ರಿ ಮಾವನ ಆಯ್ಕೆಯಂತೆ 'ದೃಶ್ಯ' ಹಾಕಿದೆವು. ಪಿ. ವಾಸು ನಿರ್ದೇಶನದ 2014ರ ಚಿತ್ರ. ಮೂಲ ಜೀತು ಜೋಸೆಫ್ ಅವರ ಮಲಯಾಳಂ 'ದೃಶ್ಯಂ'. ಅಲ್ಲಿ ಮೋಹನ್‌ಲಾಲ್ ಮಾಡಿದ ಜಾರ್ಜ್‌ಕುಟ್ಟಿ ಇಲ್ಲಿಗೆ ಬಂದಾಗ ರಾಜೇಂದ್ರ ಪೊನ್ನಪ್ಪನಾದ, ರವಿಚಂದ್ರನ್ ಆ ಪಾತ್ರ ಮಾಡಿದರು. ಪೊನ್ನಪ್ಪ! ಮಾವ ತಲೆದೂಗಿದರು. "ಇದು ಹೆಸ್ರು." ಈ ಪೊನ್ನಪ್ಪ ಕೇಬಲ್ ಅಂಗಡಿಯಲ್ಲಿ ಕೂತು ಸಿನಿಮಾ ನೋಡಿ ನೋಡಿಯೇ ಬುದ್ಧಿ ಬೆಳೆಸಿಕೊಂಡ ಮನುಷ್ಯ. ಸ್ನಾನದ ವಿಡಿಯೊ ತೆಗೆದು ಹೆದರಿಸಲು ಬಂದ ಹುಡುಗ ಅವನ ಹದಿಹರೆಯದ ಮಗಳ ಏಟಿಗೆ ಸಾಯುತ್ತಾನೆ. ಸತ್ತವನು ಐಜಿಯ ಮಗ. ಐಜಿಯಾಗಿ ಎರಡು ಭಾಷೆಯಲ್ಲೂ ಆಶಾ ಶರತ್ ಅವರೇ.

ಕೊಂದವರು ಯಾರು ಎಂಬುದು ನಮಗೆ ಮೊದಲೇ ಗೊತ್ತು. ಗೊತ್ತಿಲ್ಲದೆ ಪರದಾಡುವವರು ಪೊಲೀಸರು. ಬಸ್ ಟಿಕೆಟ್, ಹೋಟೆಲ್ ಊಟ, ಟಾಕೀಸಿನ ಟಿಕೆಟ್ ಇಷ್ಟರಿಂದಲೇ ಪೊನ್ನಪ್ಪ ಒಂದು ಸುಳ್ಳು ಪ್ರವಾಸ ಕಟ್ಟುತ್ತಾನಲ್ಲ, ಅದು ಎಷ್ಟು ಸಲ ನೋಡಿದರೂ ಬೇಜಾರಾಗದ ಭಾಗ. ಹೆಣ ಎಲ್ಲಿದೆ ಎಂಬುದು ಹತ್ತು ವರ್ಷಕ್ಕೂ ಹಳೆಯ ಗುಟ್ಟು, ಆದರೂ ನೋಡದವರಿಗಾಗಿ ಹೇಳುವುದಿಲ್ಲ. ಮಾವನಿಗೆ ಸತ್ತ ಹುಡುಗನ ಕಾರನ್ನು ಬಚ್ಚಿಟ್ಟ ಬಗ್ಗೆ ಮಾತ್ರ ಅನುಮಾನ. "ನಮ್ ಕಡೆ ಆಗಿದ್ರೆ ವಿ.ಸಿ. ನಾಲೆಗೇ ನೂಕಿರೋನು. ಕಟ್ಟು ನೀರು ನಿಲ್ಸಿದ್ ದಿನ ಸಿಗಾಕೊಳ್ಳೋನು."

ಪಿಯುಸಿ ಓದುವ ನನ್ನ ಮಗಳು ಮೊದಲೇ ತೀರ್ಪು ಕೊಟ್ಟಿದ್ದಳು: ಈಗಿನ ಕಾಲದಲ್ಲಿ ಟವರ್ ಲೊಕೇಶನ್ ತೆಗೆದರೆ ಹತ್ತು ನಿಮಿಷದಲ್ಲಿ ಕೇಸು ಮುಗಿಯುತ್ತದೆ. ಆಮೇಲೆ ಸುಮ್ಮನಾದಳು. ಸಿನಿಮಾ ಮುಗಿದು ಹೆಸರುಗಳು ಓಡುವಾಗ ಹೇಳಿದಳು, "ತಾತ, ಹೊಡೆದದ್ದು ಆ ಹುಡುಗಿ. ಅವಳಿಗೆ ಹೇಗಿದೆ ಅಂತ ಯಾರಾದ್ರೂ ಕೇಳಿದ್ರಾ?"

ಮಾವ ಉತ್ತರ ಹುಡುಕಿದರು. ನಾನೂ ಹುಡುಕಿದೆ. ಏಟು ಬಿದ್ದ ಗಳಿಗೆಯಿಂದ ಸಿನಿಮಾ ಅಪ್ಪನ ಕೈಗೆ ಹೋಗುತ್ತದೆ. ಹೇಳಿಕೊಟ್ಟ ಮಾತನ್ನು ತಪ್ಪದೆ ಒಪ್ಪಿಸುವುದಷ್ಟೇ ಅವಳ ಪಾಲು, ಪರೀಕ್ಷೆಗೆ ಉರುಹೊಡೆದ ಹಾಗೆ. ಅಪ್ಪನ ಜಾಣತನಕ್ಕೆ ಶಿಳ್ಳೆ ಹೊಡೆಯುವ ಸಂಭ್ರಮದಲ್ಲಿ ನಾನು ಇದನ್ನು ಹಿಂದೆ ನೋಡಿದ ನಾಲ್ಕು ಸಲವೂ ಗಮನಿಸಿರಲಿಲ್ಲ. ಹಿಂದಿನ ರಾತ್ರಿ ನೋಡಿದ ಯಕ್ಷಿ ಚಂದ್ರ ತನ್ನ ಜಗಳ ತಾನೇ ಆಡುತ್ತಾಳೆ. ಮಗಳು ಹೋಲಿಸಿದ್ದು ಅವಳ ಜೊತೆ ಇರಬೇಕು, ನಾನು ಕೇಳಲಿಲ್ಲ.

ಬೆಳಿಗ್ಗೆ ಮಾವ, ಅತ್ತೆ ಕೆ.ಆರ್.ಪೇಟೆ ಬಸ್ಸಿಗೆ ಹೊರಟರು. ಅತ್ತೆಯದು ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು. ಇಳಿದ ಮೇಲೆ ಮಾವ ಫೋನ್ ಮಾಡಿದರು. "ಮಗೀಗ್ ಹೇಳು, ಎರಡ್ ಟಿಕೆಟ್ಟೂ ಜೋಪಾನವಾಗ್ ಮಡಗಿವ್ನಿ."