ತೂಕ ಇಳಿಸುವ ಆಪರೇಷನ್: ಡಾಕ್ಟರಲ್ಲಿ ಕೇಳಲು ಸಂಕೋಚವೇಕೆ?

ಜ್ವರ, ಕೆಮ್ಮು, ಹಲ್ಲುನೋವು ಬಂದರೆ ನಾವು ಹಿಂದೆಮುಂದೆ ನೋಡದೆ ಡಾಕ್ಟರ ಬಳಿಗೆ ಹೋಗುತ್ತೇವೆ. ಸಕ್ಕರೆ ಕಾಯಿಲೆ, ಬಿ.ಪಿ.ಯ ಬಗ್ಗೆ ಮದುವೆ ಮನೆಯಲ್ಲಿಯೂ ಮಾತನಾಡುತ್ತೇವೆ. ಆದರೆ ಮೈತೂಕದ ವಿಷಯ ಬಂದಾಗ ಮಾತ್ರ ನಾಲಿಗೆ ಏಳುವುದಿಲ್ಲ. ಮಂಡಿನೋವಿಗೆಂದು ಹೋಗಿ, ಮಾತ್ರೆ ಬರೆಸಿಕೊಂಡು, ಮನಸ್ಸಿನಲ್ಲಿದ್ದ ನಿಜವಾದ ಪ್ರಶ್ನೆಯನ್ನು ಕೇಳದೆಯೇ ಮರಳುವ ಸಹೋದರಿಯರು ಎಷ್ಟೋ ಮಂದಿ ಇದ್ದಾರೆ. ಆ ಪ್ರಶ್ನೆ ಇಷ್ಟೇ: “ಡಾಕ್ಟರೇ, ತೂಕ ಇಳಿಸುವ ಆಪರೇಷನ್ ನನಗೆ ಆದೀತೇ?”

ಈ ಮೌನದ ಬೆಲೆ ಸಣ್ಣದಲ್ಲ. ಸುಜೂದ್ ಮಾಡಲಾಗದೆ ನಲ್ವತ್ತರ ಪ್ರಾಯದಲ್ಲೇ ಕುರ್ಚಿಯಲ್ಲಿ ನಮಾಝ್ ಮಾಡಬೇಕಾಗುವುದು, ರಾತ್ರಿ ಉಸಿರು ಕಟ್ಟಿ ಎಚ್ಚರವಾಗುವುದು, ವರ್ಷದಿಂದ ವರ್ಷಕ್ಕೆ ಸಕ್ಕರೆಯ ಮಾತ್ರೆ ಏರುತ್ತಾ ಹೋಗುವುದು, ಮಗುವಿಗಾಗಿ ಕಾದು ಕಾದು ದಣಿಯುವುದು - ಇವೆಲ್ಲದರ ಹಿಂದೆ ಅನೇಕ ಬಾರಿ ಅತಿಯಾದ ತೂಕವೇ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 24ರಷ್ಟು ಮಂದಿ ಹೆಚ್ಚಿನ ತೂಕದವರು. ಕರ್ನಾಟಕದಲ್ಲಿ ಇದು ಶೇಕಡಾ 30ರಷ್ಟಿದೆ. ಅಂದರೆ ಇದು ಒಬ್ಬಿಬ್ಬರ ಗುಟ್ಟಿನ ಸಮಸ್ಯೆಯಲ್ಲ. ಹತ್ತು ಮಹಿಳೆಯರು ಸೇರಿದಲ್ಲಿ ಮೂವರ ಸಮಸ್ಯೆ.

ಪ್ರಶ್ನಿಸುವುದು ಲಜ್ಜೆಗೆ ವಿರುದ್ಧವಲ್ಲ

ಲಜ್ಜೆ ಈಮಾನಿನ ಭಾಗವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದು ಸತ್ಯ. ಆದರೆ ಲಜ್ಜೆ ಬೇರೆ, ಅಗತ್ಯವಾದುದನ್ನು ಕೇಳದಂತೆ ತಡೆಯುವ ಅಂಜಿಕೆ ಬೇರೆ. ಮದೀನಾದ ಅನ್ಸಾರೀ ಮಹಿಳೆಯರು ಮುಟ್ಟು, ಸ್ನಾನ ಮತ್ತು ಶುದ್ಧಿಯ ಅತ್ಯಂತ ಖಾಸಗಿ ವಿಷಯಗಳನ್ನೂ ಪ್ರವಾದಿವರ್ಯ(ಸ)ರ ಸನ್ನಿಧಿಗೆ ಬಂದು ನೇರವಾಗಿ ಕೇಳುತ್ತಿದ್ದರು. ಅದಕ್ಕಾಗಿ ಅವರನ್ನು ಯಾರೂ ನಿರ್ಲಜ್ಜೆಯರೆನ್ನಲಿಲ್ಲ. ಬದಲಾಗಿ, ಧರ್ಮವನ್ನು ಅರಿಯಲು ಲಜ್ಜೆ ಅವರಿಗೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಅವರನ್ನು ಹೊಗಳಿದರು. ಅಲ್ಲಾಹನ ಸಂದೇಶವಾಹಕರ ಮುಂದೆಯೇ ಆ ಮಹಿಳೆಯರು ಬಾಯಿ ಬಿಟ್ಟಿದ್ದರೆ, ಬಿಳಿ ಕೋಟು ಧರಿಸಿ ಮೇಜಿನ ಆಚೆ ಕುಳಿತವರ ಮುಂದೆ ನಾವೇಕೆ ನಡುಗಬೇಕು?

ಇದು ನನ್ನದೇ ತಪ್ಪಲ್ಲವೇ?

ಹಿಂಜರಿಕೆಯ ಮೂಲ ಹೆಚ್ಚಾಗಿ ಈ ಪ್ರಶ್ನೆಯಲ್ಲಿದೆ. “ಬಾಯಿ ಕಟ್ಟಿದರೆ ಸಾಕು” ಎಂದು ಮನೆಯವರು, ನೆರೆಯವರು ಹೇಳಿ ಹೇಳಿ ಅದನ್ನೇ ನಾವೂ ನಂಬಿರುತ್ತೇವೆ. ಹೊಟ್ಟೆಯ ಒಂದು ಪಾಲನ್ನು ಆಹಾರಕ್ಕೆ, ಒಂದನ್ನು ನೀರಿಗೆ, ಒಂದನ್ನು ಉಸಿರಿಗೆ ಬಿಡಬೇಕೆಂಬ ಪ್ರವಾದಿ(ಸ)ರ ಉಪದೇಶ ಎಲ್ಲರಿಗೂ ಅನ್ವಯಿಸುತ್ತದೆ, ತೆಳ್ಳಗಿರುವವರಿಗೂ ಸಹ. ನೈಚೋರು, ಬಿರಿಯಾನಿ, ಎಣ್ಣೆಯಲ್ಲಿ ಕರಿದ ಇಫ್ತಾರಿನ ತಿಂಡಿಗಳಲ್ಲಿ ನಮ್ಮ ಅತಿರೇಕವನ್ನು ಅಲ್ಲಗಳೆಯಲಾಗದು.

ಆದರೆ ಅದು ಪೂರ್ತಿ ಕಥೆಯಲ್ಲ. ವಂಶವಾಹಿಗಳು, ಥೈರಾಯ್ಡ್ ಸಮಸ್ಯೆ, ಪಿ.ಸಿ.ಓ.ಡಿ., ಸ್ಟಿರಾಯ್ಡ್‌ನಂತಹ ಕೆಲವು ಔಷಧಿಗಳು, ನಿದ್ದೆಗೇಡು - ಇವೆಲ್ಲ ತೂಕವನ್ನು ಏರಿಸುತ್ತವೆ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಅರಿಯರು. ಪಥ್ಯ ಮಾಡಿ ತೂಕ ಇಳಿಸಿದಾಗ ಶರೀರವು ಅದನ್ನು ಬರಗಾಲವೆಂದು ಭಾವಿಸುತ್ತದೆ. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ. ಹತ್ತು ಕಿಲೋ ಇಳಿಸಿದವಳಿಗೆ ವರ್ಷದೊಳಗೆ ಹನ್ನೆರಡು ಕಿಲೋ ಏರುವುದು ಬರೀ ಮನಸ್ಸಿನ ದೌರ್ಬಲ್ಯದಿಂದಲ್ಲ. ಆದ್ದರಿಂದಲೇ ವೈದ್ಯಶಾಸ್ತ್ರ ಇಂದು ಬೊಜ್ಜನ್ನು ಒಂದು ದೀರ್ಘಕಾಲದ ಕಾಯಿಲೆಯೆಂದು ಪರಿಗಣಿಸುತ್ತದೆ. ಕಾಯಿಲೆಗೆ ಚಿಕಿತ್ಸೆ ಕೇಳುವುದು ತಪ್ಪೊಪ್ಪಿಗೆಯಲ್ಲ.

ಅಲ್ಲಾಹನ ಸೃಷ್ಟಿಯಲ್ಲಿ ಕೈಹಾಕಿದಂತಾಗದೇ?

ಧರ್ಮನಿಷ್ಠ ಸಹೋದರಿಯರನ್ನು ಕಾಡುವ ಸಂದೇಹವಿದು. ಕೇವಲ ಅಂದಕ್ಕಾಗಿ ಶರೀರವನ್ನು ಬದಲಿಸುವುದನ್ನು ಇಸ್ಲಾಮ್ ಮೆಚ್ಚುವುದಿಲ್ಲ. ಆದರೆ ರೋಗ ನಿವಾರಣೆಗಾಗಿ ಮಾಡುವ ಶಸ್ತ್ರಚಿಕಿತ್ಸೆ ಅದರಲ್ಲಿ ಸೇರುವುದಿಲ್ಲ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧವನ್ನಿರಿಸಿದ್ದಾನೆ, ಚಿಕಿತ್ಸೆ ಮಾಡಿಸಿರಿ ಎಂಬುದು ಪ್ರವಾದಿ(ಸ)ರ ಬೋಧನೆಯ ಸಾರ. ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆಯಿರಿಸಬೇಕೆಂಬ ಉಪದೇಶವೂ ನಮಗೆ ಗೊತ್ತಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕೊರ್ಡೋವಾದ ಅಬುಲ್ ಕಾಸಿಂ ಅಝ್ಝಹ್‌ರಾವಿ ಶಸ್ತ್ರಚಿಕಿತ್ಸೆಯ ಉಪಕರಣಗಳ ಚಿತ್ರಗಳ ಸಹಿತ ‘ಅತ್ತಸ್ರೀಫ್’ ಎಂಬ ವೈದ್ಯಗ್ರಂಥವನ್ನು ಬರೆದರು. ಯುರೋಪಿನವರು ಶತಮಾನಗಳ ಕಾಲ ಅದರಿಂದ ಕಲಿತರು. ಶಸ್ತ್ರಚಿಕಿತ್ಸೆ ನಮಗೆ ಪರಕೀಯವಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ವೈದ್ಯರ ಅಭಿಪ್ರಾಯವನ್ನು ಪಡೆದು, ನೀವು ನಂಬುವ ಆಲಿಮರಲ್ಲಿ ವಿಚಾರಿಸಿರಿ. ವೈದ್ಯಕೀಯ ಅಗತ್ಯವಿದೆಯೇ ಎಂದು ತಿಳಿಯದೆ ಆಲಿಮರೂ ಉತ್ತರ ನೀಡಲಾರರು. ಹಾಗಾಗಿ ಮೊದಲ ಹೆಜ್ಜೆ ಡಾಕ್ಟರ ಕಡೆಗೇ ಇರಲಿ.

ಏನಿದು ಆಪರೇಷನ್?

ಹೊಟ್ಟೆಯ ಬೊಜ್ಜನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಬೇರೆ, ಇದು ಬೇರೆ. ಇದನ್ನು ಬೇರಿಯಾಟ್ರಿಕ್ ಸರ್ಜರಿ ಎನ್ನುತ್ತಾರೆ. ಮುಖ್ಯವಾಗಿ ಎರಡು ವಿಧಗಳಿವೆ. ‘ಸ್ಲೀವ್’ ಎಂಬ ವಿಧದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಹಣ್ಣಿನಂತಹ ಕೊಳವೆಯಾಗಿ ಮಾಡುತ್ತಾರೆ. ‘ಬೈಪಾಸ್’ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡನ್ನೂ ಸಾಮಾನ್ಯವಾಗಿ ಸಣ್ಣ ತೂತುಗಳ ಮೂಲಕ ಲ್ಯಾಪರೋಸ್ಕೋಪಿಯಿಂದ ಮಾಡುತ್ತಾರೆ. ಒಂದೆರಡು ವರ್ಷಗಳಲ್ಲಿ ಸಾಮಾನ್ಯವಾಗಿ ಮೂಲ ತೂಕದ ಕಾಲು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ಇಳಿಯುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಅನೇಕರಲ್ಲಿ ಕಡಿಮೆಯಾಗುತ್ತವೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನವೊಂದರಲ್ಲಿ, ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಮಾಡಿಸಿಕೊಳ್ಳದವರಿಗಿಂತ ಕಡಿಮೆಯೆಂದು 2007ರಲ್ಲಿ ಪ್ರಕಟವಾಯಿತು.

ಯಾರಿಗೆ ಇದು ಸೂಕ್ತ? ಕಿಲೋಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿ.ಎಂ.ಐ. ಉದಾಹರಣೆಗೆ 155 ಸೆ.ಮೀ. ಎತ್ತರ, 95 ಕಿಲೋ ತೂಕದ ಮಹಿಳೆಯ ಬಿ.ಎಂ.ಐ. ಸುಮಾರು 39.5. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿಯು 35 ಮೀರಿದವರಿಗೆ ಆಪರೇಷನ್ ಸಲಹೆ ಮಾಡಬಹುದೆನ್ನುತ್ತದೆ. 30ರಿಂದ 35ರೊಳಗಿದ್ದು ಸಕ್ಕರೆ ಕಾಯಿಲೆಯಂತಹ ಸಮಸ್ಯೆಯಿದ್ದವರಿಗೂ ಪರಿಗಣಿಸಬಹುದು. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಕಾಯಿಲೆಗಳು ಅಂಟುವುದರಿಂದ 27.5ರಿಂದಲೇ ಯೋಚಿಸಬಹುದೆಂದು ಅದರಲ್ಲಿದೆ. ನಿಮಗೆ ಸೂಕ್ತವೇ ಎಂಬುದನ್ನು ನಿರ್ಧರಿಸುವುದು ಮಾತ್ರ ಡಾಕ್ಟರೇ.

ಹೋಗುವ ಮುನ್ನ

ಅಂಜಿಕೆಗೆ ಅತ್ಯುತ್ತಮ ಮದ್ದು ಸಿದ್ಧತೆ. ಒಂದು ಹಾಳೆಯಲ್ಲಿ ಇವಿಷ್ಟನ್ನು ಬರೆದಿಡಿ: ಈಗಿನ ತೂಕ ಮತ್ತು ಎತ್ತರ, ಯಾವ ವಯಸ್ಸಿನಿಂದ ತೂಕ ಏರಿತು, ಯಾವ ಪಥ್ಯ-ವ್ಯಾಯಾಮ ಎಷ್ಟು ಕಾಲ ಮಾಡಿದಿರಿ, ಎಷ್ಟು ಇಳಿದು ಎಷ್ಟು ಏರಿತು, ನುಂಗುತ್ತಿರುವ ಎಲ್ಲ ಔಷಧಿಗಳು (ನಾಟಿ ಮದ್ದು ಸಹಿತ), ಹೆರಿಗೆ ಮತ್ತು ಹಿಂದಿನ ಆಪರೇಷನ್‌ಗಳು, ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ. ಹಿಂದಿನ ರಿಪೋರ್ಟುಗಳನ್ನೂ ಜೊತೆಗಿಡಿ. ನಂಬಿಕೆಯ ಒಬ್ಬರನ್ನು ಕರೆದೊಯ್ಯಿರಿ. ಪತಿಯಾಗಲಿ, ತಾಯಿಯಾಗಲಿ, ಅಕ್ಕನಾಗಲಿ ಆದೀತು. ನಿಮ್ಮ ಬದಲು ಉತ್ತರ ಕೊಡುವವರು ಬೇಡ, ನೀವು ಮರೆತುದನ್ನು ನೆನಪಿಸುವವರು ಸಾಕು.

ಮೊದಲೇ ಸರ್ಜನರ ಬಳಿ ಹೋಗಬೇಕೆಂದಿಲ್ಲ. ನಿಮ್ಮನ್ನು ಬಲ್ಲ ಕುಟುಂಬ ವೈದ್ಯರು, ಸಕ್ಕರೆ ಕಾಯಿಲೆಗೆ ನೋಡುವವರು ಅಥವಾ ಹೆರಿಗೆ ಡಾಕ್ಟರಲ್ಲಿಯೂ ಆರಂಭಿಸಬಹುದು. ಮಹಿಳಾ ವೈದ್ಯರು ಬೇಕೆಂದು ಕೌಂಟರಿನಲ್ಲೇ ಕೇಳಿರಿ. ಸಿಗದಿದ್ದರೆ ಪರೀಕ್ಷೆಯ ವೇಳೆ ನರ್ಸ್ ಅಥವಾ ನಿಮ್ಮವರು ಜೊತೆಗಿರಬೇಕೆಂದು ಹೇಳಿರಿ. ಚಿಕಿತ್ಸೆಯ ಅಗತ್ಯಕ್ಕೆ, ಅಗತ್ಯವಿರುವಷ್ಟನ್ನು ತೋರಿಸಲು ಶರೀಅತ್ತಿನಲ್ಲಿ ರಿಯಾಯಿತಿ ಇದೆ.

ಮೊದಲ ಮಾತು

ಮೊದಲ ವಾಕ್ಯವೇ ಕಷ್ಟ. ಅದನ್ನು ಮನೆಯಲ್ಲೇ ಎರಡು ಮೂರು ಸಲ ಹೇಳಿ ನೋಡಿ. ಮಾತು ಹೀಗೆ ಸಾಗಬಹುದು:

“ಡಾಕ್ಟರೇ, ಮಂಡಿನೋವಿಗೆ ಬಂದಿದ್ದೇನೆ. ಆದರೆ ಇನ್ನೊಂದು ಮಾತು ಕೇಳಬೇಕಿತ್ತು, ಸ್ವಲ್ಪ ಸಂಕೋಚ.”

“ಹೇಳಿ ಅಮ್ಮಾ, ಸಂಕೋಚ ಯಾಕೆ?”

“ತೂಕ ಇಳಿಸಲು ಆರು ವರ್ಷದಿಂದ ಪ್ರಯತ್ನಿಸಿದ್ದೇನೆ. ಇದರಲ್ಲಿ ಬರೆದಿದ್ದೇನೆ, ನೋಡಿ. ಆಪರೇಷನ್ ಬಗ್ಗೆ ಕೇಳಿದ್ದೇನೆ. ನನಗೆ ಬೇಕೇ, ಬೇಡವೇ ಎಂದು ನೀವೇ ತಿಳಿಸಬೇಕು.”

ಇಷ್ಟೇ ಸಾಕು. ಬಾಯಿಂದ ಮಾತೇ ಹೊರಡದಿದ್ದರೆ ಬರೆದ ಹಾಳೆಯನ್ನು ಮೇಜಿನ ಮೇಲಿಡಿ. ಕೇಳಿದ ಮಾತ್ರಕ್ಕೆ ಆಪರೇಷನ್‌ಗೆ ಒಪ್ಪಿದಂತಾಗುವುದಿಲ್ಲ. ಸರ್ಜರಿಗೆ ಮುನ್ನ ರಕ್ತಪರೀಕ್ಷೆ, ಹೃದಯದ ತಪಾಸಣೆ, ಆಹಾರ ತಜ್ಞರು ಮತ್ತು ಮನೋತಜ್ಞರೊಡನೆ ಮಾತುಕತೆ ಹೀಗೆ ಹಲವು ಹಂತಗಳಿರುತ್ತವೆ. ಯಾವ ಹಂತದಲ್ಲಿಯೂ ನೀವು ಬೇಡವೆನ್ನಬಹುದು. ಬಹುಶಃ ಡಾಕ್ಟರೇ “ನಿಮಗೆ ಇದು ಬೇಡ, ಬೇರೆ ದಾರಿಯಿದೆ” ಎಂದಾರು. 2025ರಿಂದ ಭಾರತದಲ್ಲಿ ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಇಂಜೆಕ್ಷನ್‌ಗಳೂ ಬಂದಿವೆ. ಅವನ್ನೂ ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು.

ಕೇಳಲೇಬೇಕಾದ ಪ್ರಶ್ನೆಗಳು

ಗುಣಗಳನ್ನು ಮಾತ್ರ ಕೇಳಿ ಬರಬೇಡಿ, ಅಪಾಯಗಳನ್ನೂ ಕೇಳಿರಿ. ಒಳ್ಳೆಯ ಆಸ್ಪತ್ರೆಗಳಲ್ಲಿ ಸಾವಿನ ಸಂಭವ ಬಹಳ ಕಡಿಮೆ, ಸಾವಿರಕ್ಕೆ ಒಂದರಿಂದ ಮೂರರಷ್ಟು. ಆದರೆ ಹೊಲಿಗೆ ಸೋರುವುದು, ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು ಅಪರೂಪಕ್ಕೆ ಸಂಭವಿಸಬಹುದು. ಸ್ಲೀವ್ ಆದ ಕೆಲವರಿಗೆ ಎದೆಯುರಿ ಹೆಚ್ಚುತ್ತದೆ. ಬೈಪಾಸ್ ಆದವರು ಸಿಹಿ ತಿಂದರೆ ಬೆವರಿ, ತಲೆಸುತ್ತಿ, ಭೇದಿಯಾಗಬಹುದು. ಮೊದಲ ತಿಂಗಳುಗಳಲ್ಲಿ ಕೂದಲು ಉದುರುವುದುಂಟು. ಪಿತ್ತಕೋಶದಲ್ಲಿ ಕಲ್ಲಾಗಬಹುದು. ಬಿ-12, ಕಬ್ಬಿಣ, ಕ್ಯಾಲ್ಶಿಯಂ, ಡಿ ವಿಟಮಿನ್‌ಗಳನ್ನು ಜೀವನಪರ್ಯಂತ ಸೇವಿಸಬೇಕು, ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಎಚ್ಚರ ತಪ್ಪಿದರೆ ತೂಕ ಮರಳಿ ಏರಲೂಬಹುದು.

ಆದ್ದರಿಂದ ಕೇಳಿರಿ: ನನಗೆ ಯಾವ ವಿಧ ಸೂಕ್ತ, ಏಕೆ? ಈ ಸರ್ಜನ್ ಇಂತಹ ಆಪರೇಷನ್ ಎಷ್ಟು ಮಾಡಿದ್ದಾರೆ? ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಒಟ್ಟು ಖರ್ಚೆಷ್ಟು, ನಂತರದ ಔಷಧಿಗೆ ತಿಂಗಳಿಗೆಷ್ಟು?

ಖಾಸಗಿ ಆಸ್ಪತ್ರೆಗಳಲ್ಲಿ ಇದು ಲಕ್ಷಗಳ ಲೆಕ್ಕ. ವಿಮೆಯಿದ್ದರೆ ಮೊದಲೇ ವಿಚಾರಿಸಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಸುತ್ತೋಲೆಯ ಪ್ರಕಾರ ಬಿ.ಎಂ.ಐ. 40 ಅಥವಾ ಹೆಚ್ಚಿರುವವರ, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ ಮುಂತಾದ ಗಂಭೀರ ತೊಂದರೆಯಿರುವವರ ಆಪರೇಷನ್ನನ್ನು ‘ಬೊಜ್ಜಿನ ಚಿಕಿತ್ಸೆ’ಯೆಂಬ ಕಾರಣಕ್ಕೆ ಹೊರಗಿಡುವಂತಿರಲಿಲ್ಲ. ಅದಕ್ಕೂ ವೈದ್ಯರ ಸಲಹೆ ಬೇಕಿತ್ತು, ವಯಸ್ಸು 18 ತುಂಬಿರಬೇಕಿತ್ತು. ಕಾಯುವ ಅವಧಿ ಮುಂತಾದ ಷರತ್ತುಗಳನ್ನು ಪಾಲಿಸಿಯಲ್ಲಿ ಓದಿರಿ. ಬಡ್ಡಿಯ ಸಾಲ ಮಾಡಿ ಮತ್ತೊಂದು ಸಂಕಟವನ್ನು ತಲೆಗೆ ಹಚ್ಚಿಕೊಳ್ಳುವ ಮುನ್ನ ಇದನ್ನೆಲ್ಲ ತಿಳಿಯುವುದು ಲೇಸು.

ನಮ್ಮ ಮನೆಯ ಪ್ರಶ್ನೆಗಳು

ಡಾಕ್ಟರರಿಗೆ ಹೊಳೆಯದ, ಆದರೆ ನಮಗೆ ಮುಖ್ಯವಾದ ಕೆಲವು ಪ್ರಶ್ನೆಗಳಿವೆ. ಅವನ್ನು ನಾವೇ ಎತ್ತಬೇಕು.

ರಮಝಾನಿನ ಉಪವಾಸ: ಆಪರೇಷನ್ ಆದವರು ಒಮ್ಮೆಗೆ ಸ್ವಲ್ಪವೇ ಕುಡಿಯಬಲ್ಲರು. ನೀರಿನಂಶ ಕಡಿಮೆಯಾಗುವ ಭಯವಿರುವುದರಿಂದ ಮೊದಲ ವರ್ಷ ಉಪವಾಸ ಬೇಡವೆಂದು ಹಲವು ತಜ್ಞರು ಹೇಳುತ್ತಾರೆ. ರೋಗಿಗೆ ಅಲ್ಲಾಹನೇ ರಿಯಾಯಿತಿ ನೀಡಿದ್ದಾನೆ. ಆಪರೇಷನ್‌ನ ದಿನವನ್ನು ನಿಶ್ಚಯಿಸುವಾಗಲೇ ರಮಝಾನನ್ನು ಲೆಕ್ಕ ಹಾಕಿರಿ.

ಔಷಧಿ: ವಿಟಮಿನ್ ಕ್ಯಾಪ್ಸೂಲ್‌ಗಳ ಹೊದಿಕೆ ಅನೇಕ ವೇಳೆ ಪ್ರಾಣಿಜನ್ಯ ಜೆಲಾಟಿನ್. ರಕ್ತ ಹೆಪ್ಪುಗಟ್ಟದಂತೆ ನೀಡುವ ಹೆಪಾರಿನ್ ಇಂಜೆಕ್ಷನ್ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಬದಲಿ ಇದೆಯೇ ಎಂದು ಮೊದಲೇ ಕೇಳಿರಿ, ಆಲಿಮರಲ್ಲಿಯೂ ವಿಚಾರಿಸಿರಿ. ಆದರೆ ಯಾರಿಗೂ ಹೇಳದೆ ಔಷಧಿ ನಿಲ್ಲಿಸಬೇಡಿ. ಜೀವ ಉಳಿಸುವ ಅನಿವಾರ್ಯತೆಯಲ್ಲಿ ಧರ್ಮ ಕಠಿಣವಲ್ಲ.

ಮಕ್ಕಳು: ತೂಕ ಇಳಿದಂತೆ ಗರ್ಭ ಧರಿಸುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಆಪರೇಷನ್ ಆಗಿ 12ರಿಂದ 18 ತಿಂಗಳು ಗರ್ಭಧಾರಣೆ ಬೇಡವೆಂದು ವೈದ್ಯರು ಸಲಹೆ ಮಾಡುತ್ತಾರೆ. ಇದನ್ನು ಪತಿಪತ್ನಿ ಇಬ್ಬರೂ ಕುಳಿತು ಕೇಳಬೇಕು.

ಡಾಕ್ಟರ್ ಗದರಿದರೆ?

“ಮೊದಲು ತಿನ್ನೋದು ಕಡಿಮೆ ಮಾಡಿ” ಎಂದು ಮಾತು ಮುಗಿಸುವ ಡಾಕ್ಟರರೂ ಇದ್ದಾರೆ. ಕಣ್ಣೀರು ಬಂದರೂ ಪರವಾಗಿಲ್ಲ, “ಪಥ್ಯ ಮಾಡಿಯೇ ಬಂದಿದ್ದೇನೆ ಡಾಕ್ಟರೇ. ಆಪರೇಷನ್ ಬೇಡವೆನ್ನಲು ಕಾರಣ ತಿಳಿಸಿ, ಇಲ್ಲವೇ ತಜ್ಞರಿಗೆ ಚೀಟಿ ಬರೆದುಕೊಡಿ” ಎಂದು ವಿನಯದಿಂದ ಹೇಳಿರಿ. ಒಬ್ಬರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರಿದ್ದಾರೆ. ಹಾಗೆಯೇ, ಮೊದಲ ಭೇಟಿಯಲ್ಲೇ ಅಡ್ವಾನ್ಸ್ ಕಟ್ಟಿ ಎಂದು ಅವಸರಪಡಿಸುವಲ್ಲಿಯೂ ಎಚ್ಚರದಿಂದಿರಿ. ಎರಡನೆಯ ಅಭಿಪ್ರಾಯ ಪಡೆಯುವುದು ಯಾರಿಗೂ ಅವಮಾನವಲ್ಲ.

ಮನೆಯವರಿಗೊಂದು ಮಾತು

ಇದನ್ನು ಓದುವ ಪತಿಯಂದಿರೇ, ಅತ್ತೆಯಂದಿರೇ, ನಾದಿನಿಯರೇ, ಊಟದ ಬಟ್ಟಲನ್ನು ನೋಡಿ ಆಡುವ ಒಂದು ಚುಚ್ಚುಮಾತಿನಿಂದ ಯಾರ ತೂಕವೂ ಇಳಿದುದಿಲ್ಲ. ಅದು ಆಕೆಯನ್ನು ಡಾಕ್ಟರ ಬಾಗಿಲಿನಿಂದ ಇನ್ನಷ್ಟು ದೂರ ಮಾಡುತ್ತದೆ, ಅಷ್ಟೇ. “ಬಾ, ನಾನೂ ಬರುತ್ತೇನೆ, ಕೇಳಿಯಾದರೂ ನೋಡೋಣ” ಎಂಬ ಮಾತು ಆಕೆಗೆ ಬೇಕಾಗಿದೆ. ಆಪರೇಷನ್ ಆಗಲಿ, ಆಗದಿರಲಿ, ಅಡುಗೆಮನೆ ಬದಲಾಗದೆ ಒಬ್ಬಳ ಆರೋಗ್ಯ ಬದಲಾಗದು.

ಸಹೋದರಿ, ಈ ಶರೀರ ಅಲ್ಲಾಹನ ಅಮಾನತ್ತು. ಅದರ ಬಗ್ಗೆ ವಿಚಾರಿಸುವುದು ಅಮಾನತ್ತನ್ನು ನೋಡಿಕೊಳ್ಳುವುದರ ಭಾಗವೇ. ಉತ್ತರ ಹೌದೆಂದೇ ಇರಬೇಕೆಂದಿಲ್ಲ. ಆದರೆ ಪ್ರಶ್ನೆಯನ್ನು ಎದೆಯೊಳಗಿಟ್ಟು ಇನ್ನೂ ಹತ್ತು ವರ್ಷ ನೋವು ತಿನ್ನುವುದು ಬೇಡ. ಎರಡು ರಕಅತ್ ನಮಾಝ್ ಮಾಡಿ, ಅಲ್ಲಾಹನಲ್ಲಿ ಒಳಿತನ್ನು ಬೇಡಿ, ಬರೆದ ಹಾಳೆಯನ್ನು ಕೈಚೀಲದಲ್ಲಿಟ್ಟು ಹೊರಡಿರಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ. ಆಮೀನ್.